ಒಂದು ಪ್ರಶ್ನೆಗೆ ಒಂದು ನಿಮಿಷ

ಐರಣಿ
4 ಆಗಸ್ಟ್ 2024

ದ್ರಾಕ್ಷಾಯಿಣಿಗೆ,

ಆಶೀರ್ವಾದವನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಬೈಯುವುದಿದೆ.

ಫೋನು ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು ‘ದೊಡ್ಡವ್ವ, ಕ್ಲಾಸಿಗೆ ಹೊತ್ತಾತು’ ಎಂದು ಇಟ್ಟುಬಿಡುತ್ತೀ. ನನಗೆ ಸಿಟ್ಟು ಬರುತ್ತದೆ. ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು ತಿಂಗಳುಗಟ್ಟಲೆ ಕೂರುತ್ತೇವೆ. ಪತ್ರವನ್ನು ಹಾಗೆ ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಮಡಿಚಿಟ್ಟರೂ ಅಲ್ಲೇ ಬಿದ್ದಿರುತ್ತದೆ, ಇವತ್ತಲ್ಲ ನಾಳೆ ಎತ್ತಿಕೊಂಡು ಓದಲೇಬೇಕು.

ವಿಷಯ ಇದು. ಬ್ಯಾಡಗಿಯಿಂದ ಬಿಸ್ಮಿಲ್ಲಾಬಿ ಬಂದಿದ್ದಳು. ನಿನಗೆ ನೆನಪಿರಬೇಕು, ಬೀಜದ ಪ್ಲಾಟುಗಳಲ್ಲಿ ಹೂವಿಗೆ ಹೂವು ಕೂಡಿಸುವ ಕ್ರಾಸಿಂಗ್ ಕೆಲಸವನ್ನು ನನ್ನ ಗುಂಪಿನಲ್ಲಿ ವರ್ಷಾನುಗಟ್ಟಲೆ ಮಾಡಿದವಳು. ಈಗ ಮಗ ಮುಸ್ತಾಕನ ಮನೆಯಲ್ಲಿದ್ದುಕೊಂಡು ಮೆಣಸಿನಕಾಯಿ ಶೆಡ್ಡಿನಲ್ಲಿ ತೊಟ್ಟು ಮುರಿಯುತ್ತಾಳೆ. ಸೆರಗಿನ ತುಂಬ ಘಾಟು. ಆಕೆ ಕಣ್ಣೊರೆಸಿಕೊಂಡರೆ ನನ್ನ ಕಣ್ಣಲ್ಲೂ ನೀರು ಬಂತು. ಘಾಟಿಗೆ ಬಂತು ಎಂದು ತಿಳಿದುಕೋ.

ಆಕೆಯ ಮೊಮ್ಮಗಳು ತಸ್ಲೀಮ್ ಮಂಗಳೂರಿನಲ್ಲಿ ನಿನ್ನದೇ ಕಾಲೇಜಿನಲ್ಲಿ ಎರಡನೇ ವರ್ಷದ ಡಾಕ್ಟರಿಕೆ ಓದುತ್ತಿದ್ದಾಳಂತೆ. ನೀನು ಕಲಿಸುವ ಔಷಧದ ವಿಷಯದಲ್ಲೇ ಫೇಲಾಗಿದ್ದಾಳಂತೆ. ಇದು ನನಗೆ ನಿನ್ನಿಂದ ಗೊತ್ತಾಗಲಿಲ್ಲ. ಮೆಣಸಿನಕಾಯಿ ಶೆಡ್ಡಿನಿಂದ ಗೊತ್ತಾಯಿತು.

‘ಹೊಳಿಯಕ್ಕಾ, ಹುಡುಗಿಗೆ ಎಲ್ಲಾ ಬರತೈತಿ. ಹೊತ್ತು ಸಾಲಲಿಲ್ಲಂತ,’ ಎಂದಳು ಬಿಸ್ಮಿಲ್ಲಾಬಿ.

‘ಹೊತ್ತು ಕೊಡಾವ್ರು ಯಾರು?’

‘ಇನ್ಯಾರು, ನಿಮ್ಮ ದ್ರಾಕ್ಷವ್ವನ.’

ಆಕೆಯನ್ನು ಬಸ್ಸು ಹತ್ತಿಸಿ ಬಂದವಳೇ ಪೆನ್ನು ಹುಡುಕಿದೆ.

ನವೆಂಬರಿನಲ್ಲಿ ಇನ್ನೊಂದು ಪರೀಕ್ಷೆ ಇದೆಯಂತೆ. ಅದರಲ್ಲೂ ಬಿದ್ದರೆ ಹುಡುಗಿಯನ್ನು ದೊಡ್ಡ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಹೋಗುತ್ತದೆ. ‘ಹಂಗಾದ್ರ ನಾ ಮನಿಗೆ ಬಂದುಬಿಡ್ತೀನಿ, ಹೊಳ್ಳಿ ಹೋಗಂಗಿಲ್ಲ’ ಎಂದು ಅಜ್ಜಿಗೆ ಹೇಳಿದ್ದಾಳೆ. ಆದ್ದರಿಂದ ನೀನು ಆಕೆಗೆ ಅರ್ಧ ತಾಸು ಹೆಚ್ಚು ಕೊಡು. ಕೊಡಲು ಬರುವುದಿಲ್ಲ ಎಂದರೆ ಗಂಟೆ ಹೊಡೆಯುವವನಿಗೆ ಚಹಾ ಕುಡಿಸಿ ಮಾತಿಗೆ ಹಚ್ಚು. ಇಷ್ಟು ಓದಿದವಳಿಗೆ ಇದನ್ನೂ ನಾನೇ ಹೇಳಿಕೊಡಬೇಕೇ?

ನೀನು ಊರಿಗೆ ಬಂದು ಎರಡು ವರ್ಷವಾಯಿತು. ಅದನ್ನು ಕೇಳಲು ಈ ಪತ್ರ ಬರೆದಿಲ್ಲ.

ಆಶೀರ್ವಾದ.

ದೊಡ್ಡವ್ವ ಹೊಳಿಯವ್ವ


ಮಂಗಳೂರು
23 ಆಗಸ್ಟ್ 2024

ದೊಡ್ಡವ್ವನಿಗೆ ನಮಸ್ಕಾರ.

ನಾಲ್ಕನೇ ತಾರೀಖಿನ ಪತ್ರ ನಿನ್ನೆ ಕೈಗೆ ಬಂತು. ಎರಡು ಕ್ಲಾಸುಗಳ ನಡುವೆ ಬರೆಯುತ್ತಿದ್ದೇನೆ.

ಒಬ್ಬ ಹುಡುಗಿಗೆ ಹೆಚ್ಚು ಹೊತ್ತು ಕೊಡಲು ಬರುವುದಿಲ್ಲ. ಅರವತ್ತು ಪ್ರಶ್ನೆ. ಪ್ರತಿಯೊಂದರ ಕೆಳಗೆ ನಾಲ್ಕು ಉತ್ತರ, ಸರಿಯಾದುದಕ್ಕೆ ಗುರುತು ಹಾಕಬೇಕು. ಅರವತ್ತು ನಿಮಿಷ. ನಾನು ಓದುವಾಗಲೂ ಒಂದು ಪ್ರಶ್ನೆಗೆ ಒಂದು ನಿಮಿಷವೇ ಇತ್ತು. ನಾನೂ ಕನ್ನಡ ಶಾಲೆಯಿಂದ ಬಂದವಳೇ, ಮುಗಿಸಿದೆ. ಗಂಟೆಯವನಿಗೆ ಚಹಾ ಕುಡಿಸುವ ಮಾತನ್ನು ಇನ್ನೊಮ್ಮೆ ಬರೆಯಬೇಡ. ಯಾರಾದರೂ ಓದಿದರೆ ನನ್ನ ಕೆಲಸ ಹೋಗುತ್ತದೆ.

ನೀನೇ ಹೇಳು, ಪ್ಲಾಟಿನಲ್ಲಿ ಯಾವ ಹುಡುಗಿಗೆ ನೀನು ಹೆಚ್ಚು ಹೊತ್ತು ಕೊಟ್ಟೆ? ಬಿಸಿಲು ಏರಿತೆಂದರೆ ‘ಏಳ್ರಿ, ಸಾಕು’ ಎಂದು ಸಾಲಿನಿಂದ ಎಬ್ಬಿಸುತ್ತಿದ್ದೆ. ಕೈ ನಿಧಾನದವರನ್ನು ಮಾರನೆಯ ದಿನ ಕರೆಯುತ್ತಲೇ ಇರಲಿಲ್ಲ.

ಊರಿಗೆ ಬರಬೇಡ ಎಂದವಳು ನೀನು.

ಆರೋಗ್ಯ ನೋಡಿಕೋ.

ದ್ರಾಕ್ಷಾಯಿಣಿ


ಐರಣಿ
30 ಆಗಸ್ಟ್ 2024

ದ್ರಾಕ್ಷಾಯಿಣಿಗೆ,

ನಿನ್ನ ಪತ್ರ ಬಂತು. ಪತ್ರ ಎನ್ನಬೇಕೋ ಚೀಟಿ ಎನ್ನಬೇಕೋ. ಒಂದು ಪುಟವೂ ತುಂಬಿಲ್ಲ. ಔಷಧ ಬರೆದುಕೊಟ್ಟ ಹಾಗೆ ಬರೆದಿದ್ದೀ.

ಪ್ಲಾಟಿನ ಮಾತು ತೆಗೆದೆಯಲ್ಲ, ಕೇಳು. ಹಿಂದಿನ ದಿನ ಮೊಗ್ಗಿನ ಗಂಡು ಭಾಗ ಚಿಮಟದಿಂದ ಕಿತ್ತಿರುತ್ತೇವೆ. ಮಾರನೆಯ ಬೆಳಿಗ್ಗೆ ಬೇರೆ ಜಾತಿಯ ಹೂವಿನ ಪುಡಿ ಮುಟ್ಟಿಸಬೇಕು. ಬಿಸಿಲು ಏರಿದರೆ ಪುಡಿ ಹಿಡಿಯುವುದಿಲ್ಲ. ಹೂವಿಗೆ ಗಡುವು ಹಾಕಿದವನು ಸೂರ್ಯ, ನಾನಲ್ಲ. ಅವನ ಜೊತೆ ಜಗಳಾಡಲು ಬರುವುದಿಲ್ಲ, ಅದಕ್ಕೇ ಹುಡುಗಿಯರ ಜೊತೆ ಜಗಳಾಡುತ್ತಿದ್ದೆ. ನಿನ್ನ ಕಾಗದಕ್ಕೆ ಗಡುವು ಹಾಕಿದವರು ಯಾರು? ಒಂದು ತಾಸಿನ ಮೇಲೆ ಹತ್ತು ನಿಮಿಷವಾದರೆ ನಿನ್ನ ಪ್ರಶ್ನೆ ಬಾಡುತ್ತದೆಯೇ?

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ‘ನಾನು ಮುಗಿಸಿದೆ’ ಎಂದು ಬರೆಯಬೇಡ. ಬಾವಿಯಲ್ಲಿ ಬಿದ್ದು ಈಜಿ ಮೇಲೆ ಬಂದವರು ಎಲ್ಲರನ್ನೂ ಬಾವಿಗೆ ತಳ್ಳುವುದಿಲ್ಲ.

ಇನ್ನು ಬರಬೇಡ ಎಂದೆನಂತೆ. ಹೌದು, ಎಂದೆ. ಆವತ್ತು ನೀನು ಬೆಳಿಗ್ಗೆ ಬಂದು, ರೊಟ್ಟಿ ಮುರಿಯುವಾಗ ಒಮ್ಮೆ, ಪಲ್ಯ ಹಾಕಿಸಿಕೊಳ್ಳುವಾಗ ಒಮ್ಮೆ, ಕೈತೊಳೆಯುವಾಗ ಒಮ್ಮೆ ಕೈಗಡಿಯಾರ ನೋಡಿದೆ. ‘ಗಡಿಯಾರ ನೋಡಾಕ ಬರೂದಾದ್ರ ಬರಬ್ಯಾಡ’ ಎಂದೆ. ಎಂದದ್ದು ಎಂದಾಯಿತು. ಹೊಳ್ಳಿ ನುಂಗಲು ಅದೇನು ಎಲೆಯಡಿಕೆಯ ರಸವೇ?

ನಿನ್ನ ಅವ್ವ ಹೋದಾಗ ನೀನು ಇನ್ನೂ ಅಂಬೆಗಾಲಿಕ್ಕುತ್ತಿದ್ದೆ. ತಂಗಿಯ ಮಗಳೆಂದು ಒಂದು ದಿನವೂ ಎಣಿಸಲಿಲ್ಲ. ನೀನು ಹಾವೇರಿಯ ಹಾಸ್ಟೆಲಿನಲ್ಲಿದ್ದಾಗ ಭಾನುವಾರ ಭೇಟಿಗೆ ಅರ್ಧ ತಾಸು ಕೊಡುತ್ತಿದ್ದರು. ನೆನಪಿದೆಯೋ ಇಲ್ಲವೋ. ಗೇಟಿನ ಹೊರಗೆ ನಾನು, ಒಳಗೆ ನೀನು. ನೀನು ಮಾತಾಡಲು ಶುರುಮಾಡುವುದೇ ಅರ್ಧ ತಾಸು ಮುಗಿಯುವ ಹೊತ್ತಿಗೆ. ಮೊದಲಿಂದಲೂ ನಿನ್ನ ಮಾತು ತಡ. ವಾರ್ಡನ್‌ಬಾಯಿ ಗೇಟು ಹಾಕಲು ಬಂದರೆ ನಾನು ಗೇಟಿನ ಸಂದಿಯಲ್ಲಿ ಕಾಲು ಇಡುತ್ತಿದ್ದೆ. ಆಕೆ ‘ಕಾಲು ತಗೀರಿ’ ಎನ್ನುವಳು. ನಾನು ‘ಹುಡುಗಿ ಈಗ ಬಾಯಿ ಬಿಟ್ಟೈತ್ರಿ, ಮುಗಸ್ಲಿ’ ಎನ್ನುತ್ತಿದ್ದೆ.

ಆ ಹುಡುಗಿ ನೀನೇ ಹೌದೋ ಅಲ್ಲವೋ ಎಂದು ಈಗ ಅನುಮಾನ.

ಆಶೀರ್ವಾದ ಇದೆ. ಕಡಿಮೆ ಇದೆ.

ಹೊಳಿಯವ್ವ


ಮಂಗಳೂರು
29 ಸೆಪ್ಟೆಂಬರ್ 2024

ದೊಡ್ಡವ್ವ,

ಆಗಸ್ಟ್ ಮೂವತ್ತರಂದು ಬರೆದ ಪತ್ರ ನನಗೆ ತಲುಪಿದ್ದು ಸೆಪ್ಟೆಂಬರ್ ಕಳೆಯುವ ಹೊತ್ತಿಗೆ. ಬರೆದಿಟ್ಟುಕೊಂಡು ಬೇಕೆಂದೇ ಕಳಿಸದೆ ನನ್ನನ್ನು ಕಾಯಿಸುತ್ತೀ ಎಂದು ಗೊತ್ತು. ನಾನು ಸಣ್ಣವಳಿದ್ದಾಗಲೂ ನಿನಗೆ ಸಿಟ್ಟು ಬಂದರೆ ಹೀಗೆಯೇ ಮಾತು ಬಿಡುತ್ತಿದ್ದೆ. ಇರಲಿ.

ನಿನ್ನ ಬಾವಿಯ ಮಾತು ಓದಿ ಎರಡು ದಿನ ನನಗೂ ಸಿಟ್ಟಿತ್ತು. ಮೂರನೆಯ ದಿನ ಕಪಾಟಿನಿಂದ ತಸ್ಲೀಮಳ ಉತ್ತರಪತ್ರಿಕೆ ತೆಗೆದು ನೋಡಿದೆ. ಮೂವತ್ತನೆಯ ಪ್ರಶ್ನೆಯ ತನಕ ಸಾಲಾಗಿ ಗುರುತು ಹಾಕಿದ್ದಾಳೆ, ಒಂದನ್ನೂ ಬಿಟ್ಟಿಲ್ಲ, ತಪ್ಪೂ ಬಹಳ ಕಡಿಮೆ. ಅಲ್ಲಿಂದ ಮುಂದೆ ಖಾಲಿ. ಸುಮ್ಮನೆ ಯಾವುದೋ ಒಂದಕ್ಕೆ ಗುರುತು ಹಾಕುವ ಜೂಜೂ ಆಡಿಲ್ಲ.

ಆಕೆಯನ್ನು ಕರೆಸಿದೆ. ಹೆದರಿಕೊಂಡೇ ಬಂದಳು. ನಾನು ಊರ ಮಾತಿನಲ್ಲಿ ಕೇಳಿದ ಮೇಲೆ ಸ್ವಲ್ಪ ಸಡಿಲವಾದಳು.

‘ಗೊತ್ತಿಲ್ಲದ್ದನ್ನ ಬಿಟ್ಟು ಮುಂದ ಹೋಗಬೇಕಿಲ್ಲೇನ?’ ಎಂದೆ.

‘ಬಿಡಾಕ ಮನಸ್ಸು ಬರಂಗಿಲ್ರೀ ಮೇಡಂ.’

‘ಯಾಕ?’

‘ಸಣ್ಣಾಕಿದ್ದಾಗ ರಜೆಗೆ ಪ್ಲಾಟಿಗೆ ಹೋಗ್ತಿದ್ದೆರಿ. ಹಿಂದ ಒಂದು ಮೊಗ್ಗ ಬಿಟ್ಟು ಮುಂದಿನ ಗಿಡಕ್ಕ ಹೋದ್ರ ಹೊಳಿಯವ್ವಜ್ಜಿ ಬೆನ್ನಮ್ಯಾಲ ಕೊಡ್ತಿದ್ರು. ಈಗೂ ಒಂದು ಪ್ರಶ್ನಿ ಬಿಟ್ರ ಬೆನ್ನು ಚುರ್ ಅಂತೈತ್ರಿ.’

ನಗಬೇಕೋ ಅಳಬೇಕೋ ತಿಳಿಯಲಿಲ್ಲ, ದೊಡ್ಡವ್ವ. ಗೊತ್ತಿಲ್ಲದ ಒಂದೊಂದು ಪ್ರಶ್ನೆಯ ಮುಂದೆ ಆ ಹುಡುಗಿ ನಿನಗೆ ಹೆದರಿ ನಿಂತಿದ್ದಾಳೆ. ಗಡಿಯಾರ ನಿಂತಿಲ್ಲ.

ಆದರೆ ತಪ್ಪೆಲ್ಲ ಅವಳದೂ ಅಲ್ಲ, ನಿನ್ನದೂ ಅಲ್ಲ. ನಾನು ಓದುವಾಗಿನ ಹಳೆಯ ಪ್ರಶ್ನೆಪತ್ರಿಕೆ ಹುಡುಕಿ ತೆಗೆದೆ. ಅದರಲ್ಲಿ ಪ್ರಶ್ನೆ ಒಂದೇ ಸಾಲು: ಈ ಔಷಧದ ಅಡ್ಡಪರಿಣಾಮ ಯಾವುದು? ಅಷ್ಟೇ. ಈಗಿನ ಪ್ರಶ್ನೆಗಳಲ್ಲಿ ಒಬ್ಬ ರೋಗಿ ಬರುತ್ತಾನೆ, ಅವನ ವಯಸ್ಸು, ಕಸುಬು, ಮೊದಲು ತೆಗೆದುಕೊಂಡ ಮಾತ್ರೆ, ರಕ್ತದ ವರದಿ, ಎಲ್ಲ ಸೇರಿ ಹತ್ತು ಹನ್ನೆರಡು ಸಾಲು, ಇಂಗ್ಲಿಷಿನಲ್ಲಿ. ಹಾಗೆ ಬದಲಾಯಿಸಿದ್ದು ಒಳ್ಳೆಯದಕ್ಕೇ. ಬರೀ ಬಾಯಿಪಾಠ ಮಾಡಿದವರು ಸಿಕ್ಕಿಬೀಳುತ್ತಾರೆ. ಪ್ರಶ್ನೆ ಹತ್ತು ಪಟ್ಟು ಬೆಳೆಯಿತು, ನಿಮಿಷ ಮಾತ್ರ ಅಲ್ಲೇ ಉಳಿಯಿತು. ಯಾರೂ ಗಮನಿಸಲಿಲ್ಲ. ಆ ಪ್ರಶ್ನೆಗಳನ್ನು ಬರೆದವಳು ನಾನು. ಪರೀಕ್ಷೆಗೆ ಮುಂಚೆ ನಾನೇ ಕುಳಿತು ಬಿಡಿಸಿ ನೋಡಿದ್ದೆ, ಅರ್ಧ ತಾಸಿನಲ್ಲಿ ಮುಗಿದಿತ್ತು. ಹೊತ್ತು ಧಾರಾಳವಾಯಿತು ಎಂದುಕೊಂಡೆ. ನಾನೇ ಹೆಣೆದ ಗಂಟನ್ನು ನಾನು ಬಿಚ್ಚಲು ಎಷ್ಟು ಹೊತ್ತು ಬೇಕು?

ಮುಂದಿನ ತಿಂಗಳು ಅಂಕವಿಲ್ಲದ ಒಂದು ಅಭ್ಯಾಸ ಪರೀಕ್ಷೆ ಇಡುತ್ತೇನೆ. ಎಲ್ಲರಿಗೂ ಒಂದೂವರೆ ತಾಸು. ಒಂದು ತಾಸಿನ ತನಕ ನೀಲಿ ಪೆನ್ನು. ಗಂಟೆಯಾದ ಮೇಲೆ ನೀಲಿ ಕೆಳಗಿಟ್ಟು ಕೆಂಪು ಪೆನ್ನು. ಕೆಂಪಿನಲ್ಲಿ ಯಾರು ಏನು ಬರೆದರು ಎಂದು ನೋಡಿದರೆ, ಒಂದು ತಾಸಿನ ಗಂಟೆ ಯಾರಿಂದ ಏನು ಕಿತ್ತುಕೊಳ್ಳುತ್ತಿದೆ ಎಂದು ಕಾಣುತ್ತದೆ. ನಮ್ಮ ವಿಭಾಗದ ಮುಖ್ಯಸ್ಥರಿಗೆ ಇದು ಇಷ್ಟವಿಲ್ಲ, ಆದರೂ ‘ಮಾಡಿ ನೋಡಿ’ ಎಂದಿದ್ದಾರೆ. ನವೆಂಬರಿನ ಪರೀಕ್ಷೆಗೆ ಎಷ್ಟು ಹೊತ್ತು ಎನ್ನುವುದು ಸಮಿತಿಯಲ್ಲಿ ತೀರ್ಮಾನ. ಆಗುತ್ತದೋ ಇಲ್ಲವೋ ಹೇಳಲಾರೆ. ಬಿಸ್ಮಿಲ್ಲಾಬಿ ಅಜ್ಜಿಗೆ ಆಸೆ ಹಚ್ಚಬೇಡ.

ಹಾಸ್ಟೆಲಿನ ಗೇಟು ನೆನಪಿದೆ. ನಿನ್ನ ಕಾಲಿನ ಚಪ್ಪಲಿಯ ಬಣ್ಣವೂ ನೆನಪಿದೆ.

ದ್ರಾಕ್ಷಾಯಿಣಿ


ಐರಣಿ
5 ಅಕ್ಟೋಬರ್ 2024

ದ್ರಾಕ್ಷಾಯಿಣಿಗೆ,

ಈ ಸಲ ಪುಟ ತುಂಬಿಸಿದ್ದೀ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಅಕ್ಷರ ನಿನ್ನದೇ.

ನಾನು ಬೇಕೆಂದೇ ತಡೆದು ಕಳಿಸುತ್ತೇನೆ ಎಂದು ಬರೆದಿದ್ದೀ. ಹಾಗೇ ತಿಳಿದುಕೋ. ನಿನಗೆ ಉತ್ತರ ಹೇಳಿ ನನಗೇನಾಗಬೇಕು.

ಆ ತಸ್ಲೀಮ್ ನನ್ನ ಹೆಸರನ್ನು ಮಂಗಳೂರಿನ ತನಕ ಒಯ್ದಳಲ್ಲ! ಬೆನ್ನ ಮೇಲೆ ಕೊಟ್ಟೆನಂತೆ. ಕೊಟ್ಟಿದ್ದು ಸಾಲಲಿಲ್ಲ ಎಂದು ಕಾಣುತ್ತದೆ. ಒಂದು ಮೊಗ್ಗು ಬಿಟ್ಟರೆ ಏನಾಗುತ್ತದೆ ಎಂದು ಆಕೆಗೂ ಗೊತ್ತು, ನಿನಗೂ ಗೊತ್ತು. ಬಿಟ್ಟ ಮೊಗ್ಗು ರಾತ್ರಿ ಕಳೆದರೆ ತಾನೇ ಅರಳುತ್ತದೆ, ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ. ಆ ಕಾಯಿಯ ಬೀಜ ಒಳ್ಳೆಯ ಬೀಜದಲ್ಲಿ ಕಲೆತರೆ ಇಡೀ ಪ್ಲಾಟಿನ ಮಾಲು ಹೋಯಿತು. ಮರುದಿನ ಹೋಗಿ ಹುಡುಕಿದರೂ ಯಾವುದೆಂದು ಗೊತ್ತಾಗುವುದಿಲ್ಲ. ಅದಕ್ಕೇ ಹೊಡೆಯುತ್ತಿದ್ದೆ. ಸುಮ್ಮನೆ ಕೈ ತುರಿಸಿ ಹೊಡೆದದ್ದಲ್ಲ.

ಆದರೆ ಕಾಗದದ ಮೇಲಿನ ಪ್ರಶ್ನೆ ಅರಳುತ್ತದೆಯೇನು? ಆ ಮಳ್ಳ ಹುಡುಗಿಗೆ ಇಷ್ಟು ತಿಳಿಯಬಾರದೇ?

ಈಗ ನಾನು ಬರೆಯುವುದನ್ನು ಆಕೆಯ ಎದುರಿಗೆ ಕುಳಿತು ಓದಿ ಹೇಳು. ನಾನು ಹೇಳುತ್ತಿದ್ದೇನೆ ಎಂದೇ ಹೇಳು.

ತಸ್ಲೀಮಾ, ಕಾಗದ ಅಂದ್ರ ಪ್ಲಾಟ್ ಅಲ್ಲ. ಗೊತ್ತಿಲ್ಲದ್ದು ಬಂದ್ರ ಬಿಟ್ಟು ಮುಂದ ನಡಿ. ಬಿಟ್ಟಿದ್ದು ಎಲ್ಲೂ ಓಡಿ ಹೋಗಂಗಿಲ್ಲ, ಬಿಟ್ಟಲ್ಲೇ ಕುಂತಿರ್ತೈತಿ. ಆಮ್ಯಾಲೆ ಹೊಳ್ಳಿ ಬರಬಹುದು. ಹೊಳ್ಳಿ ಬಂದ್ರ ಯಾರೂ ಬೈಯಂಗಿಲ್ಲ. ಬೆನ್ನು ಚುರ್ ಅಂದ್ರ ಅನ್ಲಿ, ನಾ ಐರಣ್ಯಾಗ ಅದೇನಿ, ನನ್ನ ಕೈ ಅಲ್ಲೀಮಟ ಬರಂಗಿಲ್ಲ.

ಇಷ್ಟು ಆಕೆಗೆ. ಇನ್ನು ನಿನಗೆ.

ನಿನ್ನ ಕೆಂಪು ಪೆನ್ನಿನ ಹಂಚಿಕೆ ನನಗೆ ಪೂರಾ ತಿಳಿಯಲಿಲ್ಲ. ತಿಳಿದಷ್ಟು ಸರಿ ಎನಿಸಿತು. ನಿಮ್ಮ ಮುಖ್ಯಸ್ಥರಿಗೆ ಇಷ್ಟವಿಲ್ಲದಿದ್ದರೆ ನೀನು ದನಿ ತಗ್ಗಿಸಿ ಮಾತಾಡಬೇಡ. ದನಿ ಏರಿಸುವುದನ್ನು ನನ್ನ ಮನೆಯಲ್ಲಿ ಬೆಳೆದೂ ಕಲಿಯದಿದ್ದರೆ ಎಲ್ಲಿ ಕಲಿತೀ?

ಹೊಳೆ ತುಂಬಿದೆ. ನೀನು ಕುಳಿತು ಓದುತ್ತಿದ್ದ ಮೆಟ್ಟಿಲು ನೀರೊಳಗೆ ಹೋಗಿದೆ. ಗಳಗನಾಥದ ಕಡೆ ವರದಾ ನದಿಯೂ ತುಂಬಿ ಬಂದು ಕೂಡಿಕೊಂಡಿದೆಯಂತೆ, ಜನ ನೋಡಲು ಹೋಗುತ್ತಿದ್ದಾರೆ. ನನ್ನನ್ನೂ ಕರೆದರು. ಹೊಳೆ ಹೊಳೆ ಕೂಡುವುದನ್ನು ನೋಡಿ ನಾನೇನು ಮಾಡಲಿ, ಹೋಗಲಿಲ್ಲ.

ನೀನು ಮಲಗುತ್ತಿದ್ದ ಮೂಲೆಯಲ್ಲಿ ಬೀಜದ ಚೀಲ ಇಟ್ಟಿದ್ದೇನೆ. ಬಂದರೆ ತೆಗೆಯುತ್ತೇನೆ. ಬಾರದಿದ್ದರೆ ಬೀಜಕ್ಕೂ ಜಾಗ ಬೇಕಲ್ಲ.

ಆಶೀರ್ವಾದ.

ದೊಡ್ಡವ್ವ


ಮಂಗಳೂರು
3 ನವೆಂಬರ್ 2024

ದೊಡ್ಡವ್ವ,

ಇವತ್ತು ಭಾನುವಾರ. ಕ್ಲಾಸಿಲ್ಲ. ಕೈಗಡಿಯಾರ ಬಿಚ್ಚಿ ಒಳಗಿಟ್ಟು ಬರೆಯುತ್ತಿದ್ದೇನೆ.

ಮೊದಲು ಕೆಂಪು ಪೆನ್ನಿನ ಸುದ್ದಿ. ಒಂದು ತಾಸಿನ ಗಂಟೆಯಾದಾಗ ಮುಂದಿನ ಬೆಂಚಿನ ಕೆಲವರು ಮುಗಿಸಿ ಕಿಟಕಿ ನೋಡುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಇನ್ನೂ ಬರೆಯುತ್ತಿದ್ದರು. ಪೆನ್ನು ಬದಲಾಯಿಸಿದರು. ಆಮೇಲೆ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಹಳ್ಳಿಯ ಶಾಲೆಯಿಂದ, ಕನ್ನಡದಲ್ಲಿ ಓದಿ ಬಂದವರ ಪತ್ರಿಕೆಗಳ ಕೊನೆಯ ಪುಟ ಪೂರ್ತಿ ಕೆಂಪು. ಆ ಕೆಂಪಿನಲ್ಲಿ ಹೆಚ್ಚಿನವು ಸರಿಯುತ್ತರ. ಓದದೆ ಬಂದವರದೂ ಕೆಂಪು ಇತ್ತು, ಅದು ತಪ್ಪಿನ ಕೆಂಪು. ಅವರಿಗೆ ಅರ್ಧ ತಾಸಲ್ಲ, ಅರ್ಧ ದಿನ ಕೊಟ್ಟರೂ ಅಷ್ಟೇ. ಒಂದೂವರೆ ತಾಸು ಪೂರ್ತಿ ಯಾರಿಗೂ ಬೇಕಾಗಲಿಲ್ಲ. ಒಂದು ತಾಸಿನ ಮೇಲೆ ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪೆನ್ನು ಕೆಳಗಿಟ್ಟಿದ್ದರು.

ಪತ್ರಿಕೆಗಳನ್ನು ಹಿಡಿದುಕೊಂಡೇ ಸಮಿತಿಗೆ ಹೋದೆ. ಮುಖ್ಯಸ್ಥರು ಹೇಳಿದರು: ‘ಮೇಡಂ, ಕ್ಯಾಶುವಾಲಿಟಿಗೆ ಬಂದ ರೋಗಿ ನಿಮ್ಮ ಹುಡುಗಿ ಓದಿ ಮುಗಿಸುವ ತನಕ ಕಾಯುತ್ತಾನಾ?’

ಅವರು ಕೆಟ್ಟವರಲ್ಲ. ಅವರ ಕೈಯಲ್ಲಿ ನೂರಾರು ಜೀವ ಉಳಿದಿವೆ. ಮೊದಲಾಗಿದ್ದರೆ ನಾನೂ ಅದೇ ಮಾತು ಹೇಳುತ್ತಿದ್ದೆ. ಈ ಸಲ ದನಿ ಏರಿಸಿದೆ.

‘ಸರ್, ಕ್ಯಾಶುವಾಲಿಟಿಗೆ ಬರುವ ರೋಗಿ ತನ್ನ ಸಂಕಟವನ್ನು ಇಂಗ್ಲಿಷಿನಲ್ಲಿ ಹನ್ನೆರಡು ಸಾಲು ಬರೆದುಕೊಂಡು ಬರುವುದಿಲ್ಲ. ನಮ್ಮ ಕಡೆಯವನು ಬಂದರೆ “ಎದಿ ಹಿಡದೈತ್ರಿ” ಎನ್ನುತ್ತಾನೆ. ಆಗ ಈ ಹುಡುಗಿ ನಿಮಗಿಂತ ಬೇಗ ಓಡುತ್ತಾಳೆ. ಓಟ ಅಳೆಯಬೇಕೆಂದರೆ ವಾರ್ಡಿನಲ್ಲಿ ರೋಗಿಯ ಮುಂದೆ ನಿಲ್ಲಿಸಿ ಅಳೆಯೋಣ. ಈ ಕಾಗದ ಅಳೆಯಬೇಕಾದದ್ದು ಔಷಧ ಗೊತ್ತಿದೆಯೋ ಇಲ್ಲವೋ ಎಂದು.’

ನನಗೆ ನನ್ನ ದನಿ ನಿನ್ನದರ ಹಾಗೆ ಕೇಳಿಸಿತು. ಅವರು ಕೆಂಪು ಪುಟಗಳನ್ನು ಒಂದೊಂದಾಗಿ ತಿರುವಿದರು. ‘ನೋಡುವ, ಈ ಸಲಕ್ಕೆ ಮಾತ್ರ’ ಎಂದರು. ನವೆಂಬರ್ ಕೊನೆಯ ಪರೀಕ್ಷೆಗೆ ಎಂಬತ್ತು ನಿಮಿಷ, ಎಲ್ಲರಿಗೂ. ಪ್ರಶ್ನೆಗಳಲ್ಲಿ ಬೇಡದ ಸಾಲುಗಳನ್ನು ನಾನು ಕತ್ತರಿಸಬೇಕು. ರೋಗಿಯ ಊರು, ಕಸುಬು ಎಂದು ಸುಮ್ಮನೆ ತುಂಬಿದ್ದು ಬಹಳ ಇತ್ತು. ಈ ಸಲದ ಪತ್ರಿಕೆಗಳು ಕೆಟ್ಟರೆ ಮತ್ತೆ ಹಳೆಯ ಲೆಕ್ಕವೇ.

ಇನ್ನು ನಿನ್ನ ಅಪ್ಪಣೆ. ತಸ್ಲೀಮಳನ್ನು ಎದುರಿಗೆ ಕೂರಿಸಿಕೊಂಡು ಓದಿದೆ. ‘ನನ್ನ ಕೈ ಅಲ್ಲೀಮಟ ಬರಂಗಿಲ್ಲ’ ಎನ್ನುವಲ್ಲಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಪತ್ರವನ್ನು ಕೈಗೆ ತೆಗೆದುಕೊಂಡು, ‘ಇಷ್ಟುದ್ದ ಬರದಾರಲ್ರಿ ಅಜ್ಜಿ! ಎಷ್ಟು ದಿನ ಹಿಡೀತೋ ಏನೋ’ ಎಂದಳು.

‘ಎಷ್ಟು ದಿನ ಅಂದ್ರ?’ ಎಂದೆ.

‘ದಸರಾ ರಜೆಗೆ ನಮ್ಮಜ್ಜಿ ಜೋಡಿ ಐರಣಿಗೆ ಹೋಗಿದ್ದೆನ್ರಿ. ಇದನ್ನ ಬರೀಲಿಕ್ಕತ್ತಿದ್ರು. ಪ್ಲಾಟಿನಿಂದ ಬಂದು ಕಟ್ಟಿಮ್ಯಾಲ ಕುಂತು, ಒಂದೊಂದು ಅಕ್ಷರಾನೂ ಬಾಯಾಗ ಅಂದು ಬರೀತಾರ್ರಿ. ಸಂಜಿಮಟ ಕುಂತ್ರ ಎರಡು ಸಾಲು. ನಾ ಬರದಕೊಡ್ತೀನಿ ತರ್ರಿ ಅಜ್ಜಿ ಅಂದ್ರ, ನನ್ನ ಮಗಳಿಗೆ ಬೈಯಾಕ ನಿನ್ನ ಕೈ ಯಾಕ ಬೇಕು, ಅಂದ್ರು.’

ತಸ್ಲೀಮ್ ಹೋದ ಮೇಲೆ ನಿನ್ನ ಮೂರೂ ಪತ್ರಗಳನ್ನು ತೆಗೆದೆ. ಶಾಯಿ ನೋಡಿದೆ. ಒಂದೇ ಪುಟದಲ್ಲಿ ಎಷ್ಟು ಸಲ ಪೆನ್ನು ಬದಲಾಗಿದೆ! ಮೇಲೆ ಹಾಕಿದ ತಾರೀಖು ನೀನು ಶುರುಮಾಡಿದ ದಿನದ್ದು. ನಾಲ್ಕನೇ ತರಗತಿಯಲ್ಲಿ ಶಾಲೆ ಬಿಟ್ಟ ಕೈಯಿಂದ ನನಗಾಗಿ ಇಷ್ಟು ಬರೆದಿದ್ದೀ. ನಾನು ಎರಡು ಕ್ಲಾಸುಗಳ ನಡುವೆ ಚೀಟಿ ಬರೆದು, ನಿನ್ನ ತಡವನ್ನು ಸಿಟ್ಟು ಎಂದು ಓದಿದೆ. ಎಂಬತ್ತು ಮಕ್ಕಳ ಪತ್ರಿಕೆಯಲ್ಲಿ ಯಾರು ನಿಧಾನ, ಯಾರಿಗೆ ಗೊತ್ತಿಲ್ಲ ಎಂದು ಬೇರೆಬೇರೆ ಮಾಡಿ ನೋಡಿದವಳು, ನನ್ನ ಮನೆಯ ಪತ್ರ ನೋಡಲಿಲ್ಲ.

ನೀನು ತಸ್ಲೀಮಳಿಗೆ ಬರೆದ ಸಾಲುಗಳನ್ನು ಆಕೆಗೆ ಓದಿದ ಮೇಲೆ ನನಗೆ ನಾನೇ ಇನ್ನೊಮ್ಮೆ ಓದಿಕೊಂಡೆ. ‘ಹೊಳ್ಳಿ ಬಂದ್ರ ಯಾರೂ ಬೈಯಂಗಿಲ್ಲ.’ ಅದು ಆಕೆಗೆ ಮಾತ್ರವೇ, ದೊಡ್ಡವ್ವ?

ದ್ರಾಕ್ಷಾಯಿಣಿ


ಐರಣಿ
10 ನವೆಂಬರ್ 2024

ದ್ರಾಕ್ಷವ್ವ,

ಆ ಹುಡುಗಿಯ ಬಾಯಿಗೆ ಬ್ಯಾಡಗಿಯ ಮೆಣಸಿನಕಾಯಿ ಅರೆದು ಹಾಕಬೇಕು. ಯಾರು ಹೇಳಿದರು ನನಗೆ ಬರೆಯಲು ಬರುವುದಿಲ್ಲ ಎಂದು? ಬರುತ್ತದೆ. ನಡುವೆ ಕೆಲಸ ಇರುತ್ತದೆ. ಪೆನ್ನು ಕೆಡುತ್ತದೆ. ಒತ್ತಕ್ಷರ ಎಲ್ಲಿ ಹಚ್ಚಬೇಕೆಂದು ಸ್ವಲ್ಪ ಯೋಚಿಸಬೇಕಾಗುತ್ತದೆ. ಬರೆದಾದ ಮೇಲೆ ರಾಣೆಬೆನ್ನೂರಿಗೆ ಯಾವಾಗ ಹೋಗುತ್ತೇನೋ ಆಗ ಡಬ್ಬಿಗೆ ಹಾಕುತ್ತೇನೆ. ಅದಕ್ಕೆ ನಿಧಾನ ಎನ್ನುತ್ತಾರೆಯೇ?

ಯಾರೋ ಬರೆದುಕೊಟ್ಟರೆ ಲಗೂ ಆಗುತ್ತದೆ, ನನಗೂ ಗೊತ್ತು. ಆದರೆ ಬೇರೆಯವರ ಕೈಗೆ ಕೊಟ್ಟರೆ ‘ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಬರೆದುಬಿಡುತ್ತಾರೆ. ಬೈಗುಳ ಬಿಟ್ಟುಬಿಡುತ್ತಾರೆ. ಬೈಗುಳ ಬಿಟ್ಟರೆ ಅದು ನನ್ನ ಪತ್ರ ಎಂದು ನಿನಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತು. ದಿನಾ ಎರಡು ಸಾಲು ಬರೆಯುವಾಗ ಅಷ್ಟು ಹೊತ್ತು ನೀನು ಎದುರಿಗೇ ಕುಳಿತ ಹಾಗೆ ಇರುತ್ತದೆ. ಲಗೂ ಮುಗಿಸಿ ನಾನು ಎಲ್ಲಿಗೆ ಹೋಗಲಿ?

ಸಮಿತಿಯಲ್ಲಿ ನೀನು ಹೇಳಿದ್ದನ್ನು ಬಿಸ್ಮಿಲ್ಲಾಬಿಗೆ ಬಾಯಿಂದ ಹೇಳಿದೆ. ‘ಎದಿ ಹಿಡದೈತ್ರಿ’ ಎನ್ನುವುದನ್ನು ಮೂರು ಸಲ ಹೇಳಿಸಿಕೊಂಡಳು. ‘ನಿನ್ನ ದನೀನ ಬಂದೈತಿ ಹುಡುಗಿಗೆ’ ಎಂದಳು. ಆಸೆ ಹಚ್ಚಬೇಡ ಎಂದಿದ್ದೆ, ಹಚ್ಚಿಲ್ಲ. ಆಕೆ ತಾನೇ ಹಚ್ಚಿಕೊಂಡಿದ್ದಾಳೆ.

ನೀನು ಕೇಳಿದ್ದಕ್ಕೆ ಉತ್ತರ. ನಾನು ಅಂದ ಮಾತು ಅಂದದ್ದೇ, ತಪ್ಪು ಅಂದೆ ಎಂದು ಬರೆಯುವುದಿಲ್ಲ. ಆದರೆ ಬರುವಾಗ ಕೈಗಡಿಯಾರ ಬಿಚ್ಚಿಟ್ಟು ಬರಬೇಕಾಗಿಲ್ಲ. ಕಟ್ಟಿಕೊಂಡೇ ಬಾ. ನೋಡಿದರೆ ನೋಡು. ನಾನು ಆ ಕಡೆ ಮುಖ ತಿರುಗಿಸುತ್ತೇನೆ.

ದೊಡ್ಡವ್ವ


ಮಂಗಳೂರು
16 ಡಿಸೆಂಬರ್ 2024

ದೊಡ್ಡವ್ವ,

ತಸ್ಲೀಮ್ ಪಾಸಾದಳು. ಕೂದಲೆಳೆಯಲ್ಲಲ್ಲ, ಸುಖವಾಗಿ.

ಪರೀಕ್ಷೆಯ ದಿನ ನಾನು ಆ ಕೋಣೆಯಲ್ಲೇ ಇದ್ದೆ. ಒಂದು ಪ್ರಶ್ನೆಯ ಮುಂದೆ ಆಕೆಯ ಪೆನ್ನು ನಿಂತಿತು. ಎಡಗೈ ಹಿಂದೆ ಹೋಗಿ ಬೆನ್ನು ಮುಟ್ಟಿಕೊಂಡಿತು. ಆಮೇಲೆ ಆಕೆ ತನ್ನಷ್ಟಕ್ಕೆ ನಕ್ಕು ಪುಟ ತಿರುವಿದಳು. ಕೊನೆಯ ತನಕ ಹೋಗಿ, ಮತ್ತೆ ಮೊದಲ ಪುಟಕ್ಕೆ ಬಂದು, ಬಿಟ್ಟವುಗಳನ್ನು ಹುಡುಕಿ ಹುಡುಕಿ ತುಂಬಿದಳು. ಗಂಟೆಯಾದಾಗ ಕೈಕಟ್ಟಿ ಕುಳಿತಿದ್ದಳು.

ಓದದವರು ಈ ಸಲವೂ ಬಿದ್ದಿದ್ದಾರೆ. ಮುಖ್ಯಸ್ಥರು ಪಟ್ಟಿ ನೋಡಿ, ‘ಬೀಳಬೇಕಾದವರೇ ಬಿದ್ದಿದ್ದಾರೆ’ ಎಂದರು. ಎಂಬತ್ತು ನಿಮಿಷ ಇನ್ನು ಮುಂದೆಯೂ ಇರುತ್ತದೆ. ಪ್ರಶ್ನೆಯ ಉದ್ದ ಬದಲಾದರೆ ಹೊತ್ತನ್ನೂ ಮತ್ತೆ ನೋಡಬೇಕು ಎಂದು ಬರೆಸಿದ್ದೇನೆ.

ಇಪ್ಪತ್ತೆರಡನೇ ತಾರೀಖು ಭಾನುವಾರ ಬರುತ್ತಿದ್ದೇನೆ. ರಾಣೆಬೆನ್ನೂರಿನಲ್ಲಿ ಇಳಿದು ಐರಣಿಯ ಬಸ್ಸು ಹಿಡಿಯುತ್ತೇನೆ. ತಸ್ಲೀಮ್ ಜೊತೆಗೆ ಬಂದು ಬ್ಯಾಡಗಿಗೆ ಹೋಗುತ್ತಾಳೆ. ನಾನು ಹೊರಡುವ ಟಿಕೆಟು ತೆಗೆಸಿಲ್ಲ. ರಜೆ ಹಾಕಿದ್ದೇನೆ. ಎಷ್ಟು ದಿನ ಎಂದು ನೀನು ಕೇಳಬೇಡ, ನಾನೂ ಹೇಳುವುದಿಲ್ಲ.

ಇದಕ್ಕೆ ಉತ್ತರ ಬರೆಯಲು ಕೂರಬೇಡ. ನೀನು ಎರಡನೇ ಪುಟಕ್ಕೆ ಬರುವುದರೊಳಗೆ ನಾನೇ ಬಂದಿರುತ್ತೇನೆ.

ಬೀಜದ ಚೀಲ ತೆಗೆ.

ನಿನ್ನ ದ್ರಾಕ್ಷವ್ವ


ಐರಣಿ
20 ಡಿಸೆಂಬರ್ 2024

ನನ್ನ ದ್ರಾಕ್ಷವ್ವನಿಗೆ ದೊಡ್ಡವ್ವನ ತುಂಬು ಆಶೀರ್ವಾದ.

ಬರೆಯಬೇಡ ಎಂದಿದ್ದೀ. ನೀನು ಹೇಳಿದ್ದನ್ನು ನಾನು ಯಾವಾಗ ಕೇಳಿದ್ದೇನೆ?

ಚೀಲ ತೆಗೆಸಿದ್ದೇನೆ. ಮೂಲೆಯನ್ನು ಸಾರಿಸಿದ್ದೇನೆ. ಬಿಸ್ಮಿಲ್ಲಾಬಿ ಸುದ್ದಿ ಕೇಳಿ ಶೆಡ್ಡಿನಿಂದ ನೇರವಾಗಿ ಬಂದು ನನ್ನನ್ನು ತಬ್ಬಿಕೊಂಡಳು. ಇಬ್ಬರೂ ಸೀನಿದೆವು. ಈ ಸಲ ಕಣ್ಣಲ್ಲಿ ಬಂದ ನೀರು ಘಾಟಿನದೇ ಎಂದು ಬರೆಯುವುದಿಲ್ಲ.

ಇವತ್ತು ಶನಿವಾರ. ಹೊಳೆ ಇಳಿದಿದೆ. ನಿನ್ನ ಮೆಟ್ಟಿಲು ಹೊರಗೆ ಬಂದಿದೆ, ಪಾಚಿ ಕಟ್ಟಿತ್ತು. ತಿಕ್ಕಿ ತೊಳೆಸಿದೆ. ಜಾರಿ ಬಿದ್ದರೆ ನಿನ್ನ ಔಷಧ ನಿನಗೇ ಬೇಕಾಗುತ್ತದೆ.

ಇವತ್ತು ಭಾನುವಾರ. ಪ್ಲಾಟಿಗೆ ಹೋಗಿಲ್ಲ. ಹುಡುಗಿಯರಿಗೆ ನೀವೇ ನೋಡಿಕೊಳ್ಳಿ ಎಂದೆ. ಅವರಿಗೆ ನಾನು ಸಾಯುತ್ತಿದ್ದೇನೋ ಎಂದು ಹೆದರಿಕೆಯಾಗಿದೆ. ಕಟ್ಟೆಯ ಮೇಲೆ ಕುಳಿತಿದ್ದೇನೆ. ಇಲ್ಲಿಂದ ಕುಮಾರಪಟ್ಟಣದ ಕಡೆಯ ಬಸ್ಸೂ ಕಾಣುತ್ತದೆ, ರಾಣೆಬೆನ್ನೂರಿನ ಬಸ್ಸೂ ಕಾಣುತ್ತದೆ. ಆ ಕಡೆಯ ಬಸ್ಸು ಎರಡು ಸಲ ಬಂದು ಹೋಯಿತು. ನಿನ್ನ ಬಸ್ಸು ಇನ್ನೂ ಇಲ್ಲ. ಗಡಿಯಾರ ನೋಡಬೇಡ ಎಂದವಳು ಬೆಳಗಿನಿಂದ ಹೋಗುವವರನ್ನು ಬರುವವರನ್ನು ಹಿಡಿದು ‘ಎಷ್ಟಾತ್ರಿ ಈಗ?’ ಎಂದು ಕೇಳುತ್ತಿದ್ದೇನೆ. ಈ ಮಾತನ್ನು ಯಾರಾದರೂ ನಿನಗೆ ಹೇಳಿದರೆ ಸುಳ್ಳು ಎಂದು ತಿಳಿದುಕೋ.

ನಿನಗೆ ಹೇಳಬೇಕಾದ ಮಾತು ಇನ್ನೂ ಒಂದು ಇದೆ. ಅದನ್ನು ಹೇಗೆ ಬರೆಯಬೇಕು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಏನೆಂದರೆ ನೀನು ಇಲ್ಲದಾಗ ಈ ಮನೆ

ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು. ಪೆನ್ನು ಕೆಳಗಿಡುತ್ತೇನೆ. ಪೂರಾ ಬರೆದಿಲ್ಲ. ಇರಲಿ, ಇವತ್ತು ಅರ್ಧಕ್ಕೆ ಬಿಟ್ಟರೂ ನನ್ನ ಅಂಕ ಕಳೆಯುವವರು ಯಾರು?